ಕಿಟ್ಲಿಯ ಹೊಟ್ಟೆಯ ಮೇಲಿನ ಗೀರು

ನನ್ನ ಬರೆಯುವ ಮೇಜಿನ ಮೇಲೆ ಒಂದು ಚಹದ ಕಿಟ್ಲಿ ಇದೆ. ಅದರಲ್ಲಿ ಈಗ ಚಹ ಇರುವುದಿಲ್ಲ. ಎರಡು ಪೆನ್ನು, ಕಾಲು ಮುರಿದ ಒಂದು ಚಾಳೀಸಿನ ಕನ್ನಡಕ, ಯಾವ ಬೀಗದ್ದೋ ಗೊತ್ತಿಲ್ಲದ ನಾಲ್ಕಾರು ಕೀಲಿಕೈ ಇರುತ್ತವೆ. ಮನೆಗೆ ಬಂದವರು ಅದರ ಬಾಗಿದ ಮೂತಿ, ಮುಚ್ಚಳದ ಮೇಲಿನ ಹೂಮೊಗ್ಗು, ಬಳ್ಳಿಯಂಥ ಹಿಡಿಕೆ ನೋಡಿ, ಇದು ಬೆಳ್ಳಿಯದೇ ಎಂದು ಕೇಳುತ್ತಾರೆ. ನಾನು ಬಾಯಿಂದ ಉತ್ತರ ಕೊಡುವುದಿಲ್ಲ. ಕಿಟ್ಲಿಯನ್ನು ತಿರುಗಿಸಿ ಅದರ ಹೊಟ್ಟೆ ತೋರಿಸುತ್ತೇನೆ. ಅಲ್ಲಿ ಕಿರುಬೆರಳಿನಷ್ಟು ಉದ್ದದ ಒಂದು ಗೀರು ಇದೆ. ಗೀರಿನೊಳಗಿಂದ ಕೆಂಪು ತಾಮ್ರ ಕಾಣುತ್ತದೆ. ಬಂದವರು ಪಾಪ ಎಂದು ಲೊಚಗುಟ್ಟಿ ಬೇರೆ ಮಾತಿಗೆ ಹೋಗುತ್ತಾರೆ. ಅವರಿಗೆ ಆ ಗೀರು ನನ್ನ ಹೊಟ್ಟೆಯ ಮೇಲೆ ಬಿದ್ದದ್ದು ಎಂದು ಹೇಗೆ ಗೊತ್ತಾಗಬೇಕು? ನಿಮಗಾದರೆ ಹೇಳಬಹುದು. ನೀವು ಎದ್ದು ಹೋಗುವ ಅವಸರದಲ್ಲಿ ಇದ್ದಂತೆ ಕಾಣುವುದಿಲ್ಲ.

ಆಗ ನಾನು ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಕ್ಲರ್ಕನಾಗಿದ್ದೆ. ಕಾಗದದ ಕಾರ್ಖಾನೆ ಬಂದು ಇನ್ನೂ ಬಹಳ ದಿನ ಆಗಿರಲಿಲ್ಲ. ಊರಿನಲ್ಲಿ ಮನುಷ್ಯರಿಗಿಂತ ದಿಮ್ಮಿಗಳೇ ಹೆಚ್ಚು. ನನ್ನ ಕೆಲಸ ತೇಗದ ದಿಮ್ಮಿಗೆ ಟೇಪು ಸುತ್ತುವುದು, ಅದರ ತಲೆಯ ಮೇಲಿನ ಗುರುತು ಓದುವುದು, ಪುಸ್ತಕದಲ್ಲಿ ಬರೆಯುವುದು. ಈ ಗುರುತು ಎಂದರೆ ಸುತ್ತಿಗೆಯ ಗುರುತು. ಸುತ್ತಿಗೆಯ ಮುಖದಲ್ಲಿ ಅಕ್ಷರ ಕೊರೆದಿರುತ್ತಾರೆ. ಹಸಿ ಕಟ್ಟಿಗೆಗೆ ಒಂದೇಟು ಹಾಕಿದರೆ ಅಕ್ಷರ ಮೂಡುತ್ತದೆ. ಕಡಿದ ಜಾಗದಲ್ಲಿ ಒಂದು ಏಟು, ನಾಕಾ ದಾಟುವಾಗ ಒಂದು, ಡಿಪೋಕ್ಕೆ ಬಂದ ಮೇಲೆ ಒಂದು. ಗುರುತು ಹೆಚ್ಚಿದ್ದಷ್ಟೂ ದಿಮ್ಮಿ ಸಾಚಾ. ಗುರುತೇ ಇಲ್ಲದ ದಿಮ್ಮಿ ಎಂದರೆ ಕಳವಿನ ಮಾಲು. ಆರು ವರ್ಷ ಇದನ್ನೇ ಮಾಡಿ ಮಾಡಿ ನನಗೆ ಗುರುತಿನ ಮೇಲೆ ಅಪಾರ ಭಕ್ತಿ ಬಂದುಬಿಟ್ಟಿತ್ತು. ಹೆಂಡತಿ ಗಿರಿಜಾ ಸಂತೆಯಿಂದ ಕುಂಬಳಕಾಯಿ ತಂದರೂ ನಾನು ತಿರುಗಿಸಿ ಅದರ ತೊಟ್ಟಿನ ಕಡೆ ಗುರುತು ಹುಡುಕುತ್ತೇನೆಂದು ಅವಳು ಅಕ್ಕಪಕ್ಕದವರ ಮುಂದೆ ಆಡಿಕೊಳ್ಳುತ್ತಿದ್ದಳು.

ಇಂಥ ನನ್ನ ಕಣ್ಣಿಗೆ ಒಂದು ದಿನ ಇಮಾಮಸಾಬರ ಚಮಚೆ ಬಿತ್ತು. ಇಮಾಮಸಾಬರು ನಮ್ಮ ಓಣಿಯ ಪಾತ್ರೆಗಳಿಗೆಲ್ಲ ಕಲಾಯಿ ಹಾಕುವವರು. ವರ್ಷಕ್ಕೆ ಎರಡು ಸಲ ಬೇವಿನ ಮರದ ಕೆಳಗೆ ಕುಣಿ ತೋಡಿ, ತಿದಿ ಹೂಡಿ, ಇದ್ದಿಲು ಹೊತ್ತಿಸಿ ಕೂಡುತ್ತಿದ್ದರು. ಕಾದ ತಾಮ್ರದ ಹಂಡೆಗೆ ನವಸಾಗರದ ಪುಡಿ ಉದುರಿಸಿ, ತವರ ಮುಟ್ಟಿಸಿ, ಅರಳೆಯಿಂದ ಒಮ್ಮೆ ತಿಕ್ಕಿದರೆ ಕೆಂಪು ಹಂಡೆಯ ಒಳಗೆ ಬೆಳುದಿಂಗಳು ಹರಡುತ್ತಿತ್ತು. ಅವತ್ತು ಅವರು ನವಸಾಗರ ಉದುರಿಸುತ್ತಿದ್ದದ್ದು ಒಂದು ಪುಟ್ಟ ಚಮಚೆಯಿಂದ. ಕಪ್ಪಗಾಗಿತ್ತು. ಇಸಿದುಕೊಂಡು ಧೋತರದ ಚುಂಗಿನಿಂದ ಉಜ್ಜಿದೆ. ಹಿಡಿಯ ಹಿಂದೆ ಸಾಲಾಗಿ ಮೂರು ಗುರುತು! ಒಂದು ಕಾಲು ಎತ್ತಿ ನಡೆಯುವ ಸಿಂಹ, ಒಂದು ಹಡಗಿನ ಲಂಗರು, ಒಂದು ಅಕ್ಷರ. ಒಂದೊಂದೂ ಜೋಳದ ಕಾಳಿಗಿಂತ ಸಣ್ಣದು. ಸಾತ್ ಸಮುದ್ರದಾಚೆ ನನ್ನಂಥವನೇ ಒಬ್ಬ ಕ್ಲರ್ಕ ಕೂತು, ಬೆಳ್ಳಿಯ ಚಮಚೆಗೂ ಸುತ್ತಿಗೆ ಗುರುತು ಹೊಡೆದು ಕಳಿಸಿದ್ದಾನೆ ಎಂದು ನನ್ನ ಮೈ ಝುಮ್ಮೆಂದಿತು. ನಕ್ಕರೆ ನಗಿರಿ. ಅಷ್ಟು ದೂರದಲ್ಲಿ ನನಗೊಬ್ಬ ಬಳಗದವನು ಸಿಕ್ಕ ಹಾಗಾಯಿತು.

ಚಮಚೆ ಬಂದದ್ದು ಕೋಗಿಲಬನದ ಕಡೆಯ ಒಂದು ಹಳೆಯ ಬಂಗಲೆಯಿಂದ. ಕಟ್ಟಿಗೆ ವ್ಯಾಪಾರದ ಇಂಗ್ಲಿಷ್ ಸಾಹೇಬನೊಬ್ಬ ಅಲ್ಲಿದ್ದು, ದೇಶ ಬಿಟ್ಟು ಹೋಗುವಾಗ ಊಟದ ಮೇಜಿನ ಸಾಮಾನನ್ನೆಲ್ಲ ಅಡುಗೆಯವನಿಗೂ ಮಾಲಿಗೂ ಹಂಚಿ ಹೋಗಿದ್ದನಂತೆ. ಅವರು ತಮಗೆ ಬೇಡವಾದದ್ದನ್ನು ಕಲಾಯಿಯ ಬದಲಿಗೆ ಇಮಾಮಸಾಬರ ಚೀಲಕ್ಕೆ ಹಾಕುತ್ತಿದ್ದರು. ನಾನು ಒಂದು ಹಿತ್ತಾಳೆಯ ತಂಬಿಗೆ ಕೊಟ್ಟು ಚಮಚೆ ತೆಗೆದುಕೊಂಡೆ. ಅಲ್ಲಿಂದ ನನಗೆ ಹುಚ್ಚು ಹಿಡಿಯಿತು.

ಮೂರು ವರ್ಷದಲ್ಲಿ ನಮ್ಮ ಎರಡು ಖೋಲಿಯ ಮನೆಯಲ್ಲಿ ಸಾಹೇಬನ ಅರ್ಧ ಮೇಜು ಬಂದು ಸೇರಿತು. ಸಕ್ಕರೆ ಎತ್ತುವ ಇಕ್ಕಳ, ಉಪ್ಪಿನ ಪುಟ್ಟ ಬಟ್ಟಲು, ಆಳನ್ನು ಕರೆಯುವ ಗಂಟೆ, ತಂತಿಯ ಒಂದು ಪಂಜರ. ಪಂಜರ ಯಾತಕ್ಕೆಂದು ತಿಳಿಯದೆ ಅದರಲ್ಲಿ ಡಿಪೋದ ಪಾವತಿ ಸಿಕ್ಕಿಸಿಟ್ಟಿದ್ದೆ. ಅದು ಹುರಿದ ಡಬಲ್ ರೊಟ್ಟಿಯ ಹೋಳು ನಿಲ್ಲಿಸುವುದಕ್ಕೆ ಎಂದು ಇಮಾಮಸಾಬರು ಹೇಳಿದಾಗ, ರೊಟ್ಟಿಯನ್ನು ಯಾಕೆ ನಿಲ್ಲಿಸಬೇಕು, ಅದು ಏನು ತಪ್ಪು ಮಾಡಿತ್ತು ಎಂದು ಗಿರಿಜಾ ಕೇಳಿದಳು. ಗಂಟೆ ಬಾರಿಸಿದರೆ ಅವಳು ಚಹ ತರುತ್ತಾಳೇನೋ ಎಂದು ಒಂದು ಬೆಳಿಗ್ಗೆ ಬಾರಿಸಿ ನೋಡಿದೆ. ಅವಳು ಬಂದಳು, ಗಂಟೆ ಕಸಿದುಕೊಂಡಳು, ದೇವರ ಜಗಲಿಯ ಮೇಲೆ ಇಟ್ಟಳು. ಸಾಹೇಬನ ಬಟ್ಲರನನ್ನು ಕರೆಯುತ್ತಿದ್ದ ಗಂಟೆ ಅಂದಿನಿಂದ ಶಿವನನ್ನು ಕರೆಯತೊಡಗಿತು.

ಎಲ್ಲಕ್ಕಿಂತ ಚೆಂದದ್ದು ಒಂದು ಅಗಲ ಅಲಗಿನ ಚಾಕು. ಅಲಗಿನ ತುಂಬ ಬಳ್ಳಿ ಕೆತ್ತಿತ್ತು. ಹರಿತ ಇರಲಿಲ್ಲ. ಹೋಳಿಗೆ ಹರಿಯದಂತೆ ಎತ್ತಲು ಇದರಂಥದ್ದು ಇನ್ನೊಂದಿಲ್ಲ ಎಂದು ಗಿರಿಜಾ ಅದನ್ನು ಒಳಗೆ ಒಯ್ದಳು. ಹಬ್ಬಕ್ಕೆ ಮನೆಗೆ ಬಂದ ಅಯ್ಯನವರಿಗೆ ಅದರಿಂದಲೇ ಹೋಳಿಗೆ ಬಡಿಸಿದಳು. ಮುಂದಿನ ಹಬ್ಬಕ್ಕೆ ಇಮಾಮಸಾಬರೂ ಅವರ ಹೆಂಡತಿಯೂ ಬಂದಿದ್ದರು. ಹೋಳಿಗೆಯ ತಾಟಿನಲ್ಲಿ ಆ ಚಾಕು ಕಂಡದ್ದೇ ಇಮಾಮಸಾಬರ ಮಾತು ನಿಂತಿತು. ಉಂಡು ಹೊರಗೆ ಬಂದ ಮೇಲೆ ನನ್ನನ್ನು ಬೇವಿನ ಮರದ ಹತ್ತಿರ ಕರೆದೊಯ್ದರು.

“ಸಾಹೇಬ್ರ, ಕೊಡೂವಾಗ ನನಗೂ ಗೊತ್ತಿದ್ದಿಲ್ಲ. ಮೊನ್ನೆ ಬಂಗಲೇದ ಅಡಗಿಯಾಂವ ಹೇಳಿದ. ಅದು ಮೀನ ಬಡಸೂ ಚಾಕು ಐತ್ರಿ. ಅಕ್ಕಾರಿಗೆ ಹೇಳಬ್ಯಾಡ್ರಿ.”

ನಾನೂ ಹೇಳಲಿಲ್ಲ. ಲಿಂಗ ಕಟ್ಟಿದ ಮನೆಯಲ್ಲಿ ಎರಡು ಹಬ್ಬ ಮೀನಿನ ಚಾಕುವಿನಿಂದ ಹೋಳಿಗೆ ಉಂಡೆವು ಎಂದು ಯಾವ ಬಾಯಿಂದ ಹೇಳಲಿ? ಅದು ಮುರಿದೀತು, ಜೋಪಾನ ಮಾಡಬೇಕು ಎಂದು ಏನೋ ಒಂದು ಹೇಳಿ ಚಾಕುವನ್ನು ಉಳಿದ ಸಾಮಾನಿದ್ದ ಅಟ್ಟದ ಟ್ರಂಕಿಗೆ ಸೇರಿಸಿದೆ. ಅವಳು ಯಾಕೆ ಎಂದು ಕೇಳಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೆನ್ನು ಚಪ್ಪರಿಸಿಕೊಂಡೆ.

ಇಷ್ಟರಲ್ಲಿ ನಮಗೆ ಮಗಳು ಹುಟ್ಟಿದಳು. ಗಿರಿಜಾಳ ತಾಯಿ ಮಳಗಿಯವರು. ಮೊಮ್ಮಗಳನ್ನು ನೋಡದೆ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಹೋಗುವ ಮೊದಲು ತಮ್ಮ ಕಾಲಿನ ಬೆಳ್ಳಿಯ ಕಡಗ ಬಿಚ್ಚಿ ಮಗಳ ಕೈಗೆ ಕೊಟ್ಟು, ನಿನ್ನ ಮೊದಲ ಕೂಸಿಗೆ ಇದರಿಂದ ಕರಡಿಗೆ ಮಾಡಿಸು ಎಂದು ಹೇಳಿದ್ದರು. ನಮ್ಮಲ್ಲಿ ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿ ಇಟ್ಟು ಕೊರಳಿಗೆ ಕಟ್ಟುತ್ತಾರೆ. ಅದು ಸಾಯುವ ತನಕ ಮೈಮೇಲಿರುವ ಒಡವೆ. ಅಜ್ಜಿ ತಾವು ಕೂಸಿನ ಎದೆಯ ಮೇಲೆ ಇರಬೇಕೆಂದು ಬಯಸಿದ್ದರು, ಅಷ್ಟೆ. ಮಗುವಿಗೆ ಐದು ತಿಂಗಳಾದಾಗ ಗಿರಿಜಾ ಕಡಗಗಳನ್ನು ಬಿಳಿ ಅರಿವೆಯಲ್ಲಿ ಕಟ್ಟಿ, ಹಳಿಯಾಳದ ಅಕ್ಕಸಾಲಿಗ ಮೋನಪ್ಪ ಪತ್ತಾರರಿಗೆ ಕೊಟ್ಟು ಬರಲು ನನ್ನನ್ನು ಕಳಿಸಿದಳು. ಗಂಟು ಕೊಡುವಾಗ ಅದನ್ನು ಒಂದು ಸಲ ಕಣ್ಣಿಗೆ ಒತ್ತಿಕೊಂಡಳು. ಅದನ್ನು ನಾನು ನೋಡಿದೆ. ನೋಡಿಯೂ ನಾನು ಮಾಡಿದ್ದನ್ನು ಮಾಡಿದೆ.

ಬಸ್ ಸ್ಟ್ಯಾಂಡಿನಲ್ಲಿ ಇಮಾಮಸಾಬರು ಇದ್ದರು. ಸೂಪಾ ಕಡೆಯಿಂದ ಬಂದಿಳಿದಿದ್ದರು. ಚೀಲದ ಬಾಯಿಂದ ಈ ಕಿಟ್ಲಿಯ ಮೂತಿ ಹೊರಗೆ ಬಂದಿತ್ತು. ನಾನು ಬಸ್ಸು ಮರೆತೆ. ತಿರುಗಿಸಿ ತಳ ನೋಡಿದರೆ ಒಂದಲ್ಲ, ಎರಡಲ್ಲ, ನಾಲ್ಕು ಗುರುತು! ನಾಲ್ಕು ಪುಟ್ಟ ಚೌಕದಲ್ಲಿ ನಾಲ್ಕು ಅಕ್ಷರ. ಚಮಚೆಗೆ ಮೂರು ಇದ್ದರೆ ಇದಕ್ಕೆ ನಾಲ್ಕು. ನಾಲ್ಕು ಸಾಹೇಬರು ನೋಡಿ ಸೈ ಎಂದಿದ್ದಾರೆ ಎಂದು ಡಿಪೋ ಕ್ಲರ್ಕನ ತಲೆ ಲೆಕ್ಕ ಹಾಕಿತು. ಅಪ್ಪಟ ಬೆಳ್ಳಿಗೆ ಮಾತ್ರ ಬೀಳುವ ಸಿಂಹ ಎಲ್ಲಿ ಹೋಯಿತು ಎಂದು ಕೇಳಬೇಕೆಂದು ಆ ತಲೆಗೆ ಹೊಳೆಯಲಿಲ್ಲ.

ಇಮಾಮಸಾಬರ ಮಗಳು ಜೈನಬಿಯ ನಿಕಾಹ ಹತ್ತಿರ ಬಂದಿತ್ತು. ಗಂಡಿನವರು ಮುಂಡಗೋಡದವರು. ಹುಡುಗಿಯ ಕಾಲಿಗೆ ಬೆಳ್ಳಿಯ ಕಡಗ ಹಾಕಬೇಕೆಂದು ಅವರ ಆಸೆ. ಈ ಕಿಟ್ಲಿಯನ್ನು ಯಾರಾದರೂ ತೆಗೆದುಕೊಂಡು ಕಡಗ ಕೊಟ್ಟರೆ ಆಯಿತು, ಕಿಟ್ಲಿಯ ತೂಕ ಕಡಗಕ್ಕಿಂತ ಹೆಚ್ಚಿದ್ದರೂ ಚಿಂತೆಯಿಲ್ಲ ಎಂದರು ಇಮಾಮಸಾಬರು. ನನ್ನ ಕೈಯಲ್ಲಿ ಬಿಳಿ ಗಂಟು ಇತ್ತು. ನೋಡಿ, ಮನುಷ್ಯ ತನ್ನನ್ನು ತಾನು ಒಪ್ಪಿಸಿಕೊಳ್ಳುವುದು ಎಷ್ಟು ಸುಲಭ. ಕಿಟ್ಲಿಯ ಮುಚ್ಚಳ ಒಂದನ್ನು ಕರಗಿಸಿದರೆ ಕರಡಿಗೆಗೆ ಸಾಕು, ಉಳಿದ ಕಿಟ್ಲಿ ನನಗೆ. ಬೆಳ್ಳಿ ಬೆಳ್ಳಿಯೇ, ಕರಗಿದ ಮೇಲೆ ಅದರ ಮೇಲೆ ಅತ್ತೆಯ ಹೆಸರು ಬರೆದಿರುತ್ತದೆಯೇ? ಯಾರ ಕಡಗ ಎಂದು ಇಮಾಮಸಾಬರು ಕೇಳಿದರು. ಮನೆಯಲ್ಲಿ ಸುಮ್ಮನೆ ಬಿದ್ದಿದ್ದವು ಎಂದು ಹೇಳಿ, ಗಂಟು ಬಿಚ್ಚಿ ಕಡಗ ಕೊಟ್ಟೆ. ಈ ಮಾತು ನೆನಪಾದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಹಳಿಯಾಳದಲ್ಲಿ ಮೋನಪ್ಪ ಪತ್ತಾರರು ಕಿಟ್ಲಿಯನ್ನು ಎರಡು ಬೆರಳಲ್ಲಿ ಎತ್ತಿ, ಉಗುರಿನಿಂದ ಬಾರಿಸಿ, ಮುಖ ಸಣ್ಣದು ಮಾಡಿದರು. ನಾನು ತಳದ ನಾಲ್ಕು ಗುರುತು ತೋರಿಸಿ, ಗುರುತಿನ ಮಹಿಮೆಯನ್ನು ವಿವರಿಸಿದೆ. ಅವರು ಕೇಳಿಸಿಕೊಳ್ಳುತ್ತಲೇ ಅರ ತೆಗೆದುಕೊಂಡು ಹೊಟ್ಟೆಯ ಮೇಲೆ ಒಮ್ಮೆ ಎಳೆದರು. ಕೆಂಪಗೆ ಕಂಡಿತು.

“ತಾಂಬ್ರ ಐತ್ರಿ. ಮ್ಯಾಲ ಬೆಳ್ಳಿ ನೀರು ಕುಡಿಸ್ಯಾರ,” ಅಂದರು ಪತ್ತಾರರು. “ನಿಮ್ಮ ಗುರುತು ಕಟಗಿಗೆ ನಡೀತದ. ನಾವು ಅರಾ ಹಾಕದ ಯಾರ ಮಾತೂ ಕೇಳೂದಿಲ್ಲ.”

ತಿರುಗಿ ಬರುವ ಬಸ್ಸಿನಲ್ಲಿ ಕಿಟ್ಲಿ ನನ್ನ ತೊಡೆಯ ಮೇಲೆ ಕೂತಿತ್ತು. ಪಕ್ಕದವರು ಎಷ್ಟು ಚೆಂದ ಐತಿ ಎಂದರು. ನನಗೆ ಅಳು ಬರುವುದೊಂದು ಬಾಕಿ.

ನೇರ ಇಮಾಮಸಾಬರ ಮನೆಗೆ ಹೋದೆ. ಅಂಗಳದಲ್ಲಿ ಹೆಂಗಸರು ಕೂತು ಜೈನಬಿಯ ಕೈಗೆ ಮದರಂಗಿ ಹಚ್ಚಿ ನೋಡುತ್ತಿದ್ದರು. ಅವಳ ಕಾಲಲ್ಲಿ ಆ ಕಡಗ ಇದ್ದವು. ನಾನು ಗೀರು ತೋರಿಸಿದೆ. ಇಮಾಮಸಾಬರು ಅದರ ಮೇಲೆ ಬೆರಳಾಡಿಸಿದರು. ತಾಮ್ರದ ಗುರುತು ಅವರಿಗೆ ಯಾರು ಹೇಳಬೇಕು?

“ಮೂವತ್ತು ವರ್ಸ ತಾಂಬ್ರಕ್ಕ ಬಿಳೇದು ಹಚ್ಚಕೋತ ಬಂದೇನಿ,” ಅಂದರು. “ನನಗ ತಿಳೀಲಿಲ್ಲಲ್ರಿ ಸಾಹೇಬ್ರ.”

ಆಗ ನಾನು ಕಡಗ ಯಾರದು ಎಂದು ನಿಜ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಮಗಳ ಕಡೆ ನೋಡಿದರು. ಜೈನಬಿ ಅಲ್ಲೇ ಕೂತು ಕಡಗ ಬಿಚ್ಚತೊಡಗಿದಳು. ಕೈಯ ಮದರಂಗಿ ಇನ್ನೂ ಹಸಿ ಇತ್ತು. ಬೇಡ ತಾಯಿ, ಇರಲಿ ಎಂದು ನಾನು ಹೇಳಿದೆ ಎಂದು ಇಲ್ಲಿ ಬರೆಯಬಹುದಿತ್ತು. ಅಲ್ಲವೆನ್ನಲು ಇಲ್ಲಿ ಸಾಕ್ಷಿ ಯಾರೂ ಇಲ್ಲ. ಆದರೆ ನಾನು ಹೇಳಲಿಲ್ಲ. ಕಡಗ ತೆಗೆದುಕೊಂಡು ಅರಿವೆಯಲ್ಲಿ ಕಟ್ಟಿ, ತಮಗೆ ಬೇಡವೆಂದು ಅವರು ಮುಂದೆ ಸರಿಸಿದ ಕಿಟ್ಲಿಯನ್ನೂ ಹಿಡಿದುಕೊಂಡು ಎದ್ದೆ. ನಿಕಾಹಕ್ಕೆ ಇನ್ನು ಹನ್ನೆರಡು ದಿನ ಇತ್ತು.

ಪತ್ತಾರರು ಇವತ್ತು ಅಂಗಡಿ ತೆರೆದಿರಲಿಲ್ಲ ಎಂದು ಗಿರಿಜಾಳಿಗೆ ಹೇಳುವುದೆಂದು ದಾರಿಯಲ್ಲೇ ಯೋಚಿಸಿದ್ದೆ. ಹೇಳಿಯೂ ಹೇಳಿದೆ. ಅವಳು ಗಂಟು ಬಿಚ್ಚಿದಳು. ಒಂದು ಕಡಗದ ಮೇಲೆ ಐದು ಬೆರಳಿನ ಮದರಂಗಿ ಒಣಗಿ ಹತ್ತಿತ್ತು. ಅವಳು ಅದನ್ನು ಮೂಸಿದಳು. ಆಮೇಲೆ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಬಂದು, ನನ್ನ ಎದುರಿಗೆ ಕೂತಳು.

“ಈಗ ಖರೇ ಹೇಳ್ರಿ,” ಅಂದಳು.

ಹೇಳಿದೆ. ಬಸ್ ಸ್ಟ್ಯಾಂಡಿನಿಂದ ಹಿಡಿದು ಜೈನಬಿಯ ಬರಿಗಾಲಿನ ತನಕ ಎಲ್ಲ ಹೇಳಿದೆ. ಅವಳಿಗೆ ಸಿಟ್ಟು ಬಂದಿತ್ತು; ಕಿವಿಯ ತುದಿ ಕೆಂಪಾಗಿತ್ತು. ಅವ್ವನ ಕಡಗ ಕೊಟ್ಟದ್ದಕ್ಕಿಂತ, ಸುಮ್ಮನೆ ಬಿದ್ದಿದ್ದವು ಎಂದದ್ದು ತನ್ನನ್ನು ಹೆಚ್ಚು ನೋಯಿಸಿತು ಎಂದು ಹೇಳಿದಳು. ಆಮೇಲೆ, ಹನ್ನೆರಡು ದಿನದಲ್ಲಿ ಆ ಹುಡುಗಿ ಬರಿಗಾಲಲ್ಲಿ ಗಂಡನ ಮನೆಗೆ ಹೋಗಬೇಕೇನು ಎಂದು ಕೇಳಿದಳು. ಅವಳು ಎದ್ದು ಟ್ರಂಕು ಇಳಿಸಲು ಹೇಳಿದಳು.

ಚಾಪೆಯ ಮೇಲೆ ನನ್ನ ಮೂರು ವರ್ಷದ ಸಂಸಾರ ಹರಡಿತು. ಗಿರಿಜಾ ಒಂದೊಂದನ್ನೇ ಎತ್ತಿ, ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಸಿಂಹ ಇದ್ದದ್ದು ಬಲಕ್ಕೆ, ಇಲ್ಲದ್ದು ಎಡಕ್ಕೆ. ಸಿಂಹದ ವಿದ್ಯೆ ಇವಳಿಗೆ ಯಾವಾಗ ಬಂತು ಎಂದು ನಾನು ಬಾಯಿ ತೆರೆದು ನೋಡುತ್ತಿದ್ದೆ. ತಿಂಗಳಿಗೊಮ್ಮೆ ಇಳಿಸಿ ಉಜ್ಜಿ ಇಡುವವಳು ನಾನು, ನೀವು ಬರೇ ನೋಡುವವರು ಎಂದಳು. ಬೆಳ್ಳಿಯ ಸಾಮಾನು ಒಂದು ಬಗೆಯ ಕಪ್ಪಾಗುತ್ತದೆ, ಉಳಿದದ್ದು ಬೇರೆ ಬಗೆಯ ಕಪ್ಪು ಎಂದೂ ಅವಳಿಗೆ ಗೊತ್ತಿತ್ತು. ಕಿಟ್ಲಿಯನ್ನು ಮೊದಲು ಅವಳ ಕೈಗೆ ಕೊಟ್ಟಿದ್ದರೆ ಹಳಿಯಾಳದ ತನಕ ಹೋಗುವ ಕೆಲಸವೇ ಇರಲಿಲ್ಲ.

ಎಲ್ಲದರ ಅಡಿಯಿಂದ ಅಗಲ ಅಲಗಿನ ಚಾಕು ಬಂತು. ಅವಳು ಅದರ ಸಿಂಹ ನೋಡಿ, ಅದನ್ನು ಬಲಗಡೆಯ ರಾಶಿಯ ಮೇಲೆ ಇಟ್ಟಳು.

“ಮೀನಿನ ಚಾಕು ಮೊದಲ ಕರಗಸಲಿಕ್ಕೆ ಹೇಳ್ರಿ,” ಅಂದಳು. “ಇಮಾಮಸಾಬ್ರ ಮನಿಯಾಕಿ ಆವತ್ತ ಕೈ ತೊಳಕೊಳ್ಳೂ ಮುಂದ ಹೇಳ್ಯಾಳ. ನೀವು ಯಾವಾಗ ಹೇಳ್ತೀರಿ ಅಂತ ನಾನೂ ಕಾಯಕೋತ ಕುಂತೇನಿ.”

ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ. ಅವಳು ಮಾತ್ರ ಮೊದಲು ನಕ್ಕಳು. ಆ ನಗುವಿನಿಂದ ನನ್ನ ಎದೆಯ ಮೇಲಿನ ದಿಮ್ಮಿ ಉರುಳಿ ಕೆಳಗೆ ಬಿತ್ತು.

ಮರುದಿನ ರಜೆ ಹಾಕಿ ಮೂವರೂ ಹಳಿಯಾಳಕ್ಕೆ ಹೋದೆವು. ಮಗು ಸೇರಿ ಮೂವರು. ಅತ್ತೆಯ ಕಡಗ ಕರಡಿಗೆಗೆ, ಸಿಂಹದ ರಾಶಿ ಜೈನಬಿಯ ಕಡಗಕ್ಕೆ. ಪತ್ತಾರರು ಒಂದೊಂದಕ್ಕೂ ಅರ ಎಳೆದರು. ಒಳಗೂ ಬೆಳ್ಳಗೇ ಇತ್ತು. ದೂರದ ಆ ಕ್ಲರ್ಕ ಸುಳ್ಳು ಗುರುತು ಹೊಡೆದಿರಲಿಲ್ಲ. ಮೊದಲ ಪುಟ್ಟ ಚಮಚೆ ಕುಲುಮೆಗೆ ಹೋಗುವಾಗ ನಾನು ಅದನ್ನು ಇಸಿದುಕೊಂಡು, ಸಿಂಹದ ಮೇಲೆ ಹೆಬ್ಬೆರಳು ಒತ್ತಿ ಹಿಡಿದೆ. ಪತ್ತಾರರು ನನ್ನ ಮುಖ ನೋಡಿದರು. ಕೈ ಚಾಚಿದರು, ಕೊಟ್ಟೆ. ಕಿಟ್ಲಿ ಮಾತ್ರ ಅವರಿಗೆ ಬೇಡವಾಗಿತ್ತು. ಗಂಟೆಯ ಮೇಲೂ ಸಿಂಹ ಇತ್ತಾದರೂ ಗಿರಿಜಾ ಜಗಲಿಯಿಂದ ಇಳಿಸಿರಲಿಲ್ಲ. ಶಿವನಿಗೆ ರೂಢಿಯಾಗಿದೆ, ಇರಲಿ ಎಂದಿದ್ದಳು.

ಇಮಾಮಸಾಬರು ಮೊದಲು ಕಡಗ ಮುಟ್ಟಲು ಒಪ್ಪಲಿಲ್ಲ. ತಪ್ಪು ತನ್ನದು, ತಾಮ್ರ ಕೊಟ್ಟವನು ತಾನು ಎಂದು ಹಟ ಹಿಡಿದರು. ಸುಳ್ಳು ಹೇಳಿದವನು ನಾನು ಎಂದು ನಾನು ಹಟ ಹಿಡಿದೆ. ಇಬ್ಬರೂ ತಪ್ಪನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತ ಕೂತಿರುವಾಗ ಗಿರಿಜಾ ಒಳಗೆ ಹೋಗಿ, ಜೈನಬಿಯ ಕಾಲಿಗೆ ತಾನೇ ಕಡಗ ಹಾಕಿ ಬಂದಿದ್ದಳು.

ನಿಕಾಹ ಮುಗಿದ ವಾರಕ್ಕೆ ಇಮಾಮಸಾಬರು ತಿದಿ ಹೊತ್ತು ನಮ್ಮ ಬೇವಿನ ಮರದ ಕೆಳಗೆ ಬಂದರು. ಕಲಾಯಿಯ ಕಾಲ ಅದಾಗಿರಲಿಲ್ಲ. ಕಿಟ್ಲಿ ಕೊಡಿ ಎಂದರು. ಅದರ ಒಳಗೆ ನವಸಾಗರ ಉದುರಿಸಿ, ತವರ ಮುಟ್ಟಿಸಿ, ಅರಳೆ ಸುತ್ತಿದ ಕಡ್ಡಿಯಿಂದ ಮೂತಿಯ ತನಕ ತಿಕ್ಕಿ ಬೆಳ್ಳಗೆ ಮಾಡಿದರು. ಹೊರಗಿನ ಗೀರನ್ನೂ ಮುಚ್ಚಲೇ ಎಂದು ಕೇಳಿದರು. ಬೇಡ, ಅದು ನನ್ನ ಗುರುತು ಎಂದೆ. ಅವತ್ತು ಗಿರಿಜಾ ಅದರಲ್ಲಿ ಚಹ ಮಾಡಿದಳು. ಸಾಹೇಬ ಹೋದ ಮೇಲೆ ಅದರ ಮೂತಿಯಿಂದ ಇಳಿದ ಮೊದಲ ಚಹ ಅದೇ ಇರಬೇಕು. ಮಗಳು ತೊಟ್ಟಿಲಲ್ಲಿ ಹೊಸ ಕರಡಿಗೆಯನ್ನು ಬಾಯಿಗೆ ಹಾಕಿಕೊಳ್ಳಲು ನೋಡುತ್ತಿದ್ದಳು.

ಆಮೇಲೆ ನಾನು ಏನನ್ನೂ ಕೂಡಿಸಲಿಲ್ಲ. ಬಂಗಲೆಯ ಕಡೆ ಹೋದರೆ ಕಣ್ಣು ಓಡುತ್ತಿತ್ತು, ನಿಜ. ಕೈ ಮಾತ್ರ ಓಡಲಿಲ್ಲ. ಆದರೂ ಆ ಪುಟ್ಟ ಚಮಚೆಯ ನೆನಪು ಬಂದು, ಮೂಗುತಿಯ ಹರಳಿನಷ್ಟಿದ್ದ ಆ ಸಿಂಹ ಕರಗಿ ಹೋಯಿತಲ್ಲ ಎಂದು ಕೆಲವು ಸಲ ಸಂಕಟವಾಗುತ್ತಿತ್ತು. ಇದನ್ನು ಗಿರಿಜಾಳಿಗೂ ಹೇಳಿರಲಿಲ್ಲ.

ಮರುವರ್ಷ ಜೈನಬಿ ಬಾಣಂತನಕ್ಕೆ ತವರಿಗೆ ಬಂದಳು. ಬಂದ ಎರಡನೆಯ ದಿನವೇ ಗಿರಿಜಾಳನ್ನು ನೋಡಲು ಬಂದು, ಕಟ್ಟೆಯ ಮೇಲೆ ಕಾಲು ನೀಡಿ ಕೂತಳು. ನಾನು ಒಳಗೆ ಕಿಟಕಿಯ ಹತ್ತಿರ ಡಿಪೋದ ಪುಸ್ತಕ ಬರೆಯುತ್ತಿದ್ದೆ. ಕಾಲು ಬಾತದ್ದರಿಂದ ಕಡಗ ಬಿಗಿಯಾಗಿದೆ ಎಂದು ಅವಳು ಎಡಗಾಲಿನದನ್ನು ಬಿಚ್ಚಿ ಗಿರಿಜಾಳ ಕೈಗೆ ಕೊಟ್ಟಳು.

“ಅಕ್ಕಾ, ಇದರ ಒಳಮೈಯಾಗ ಒಂದು ನಾಯಿ ಐತಿ ನೋಡ್ರಿ,” ಅಂದಳು. “ನಮ್ಮ ಅತ್ತಿ ಇದೇನು ಅಂತ ಕೇಳಿದ್ರು. ನನಗ ಹೇಳಲಿಕ್ಕೆ ಬರಲಿಲ್ಲ.”

ನನ್ನ ಪೆನ್ನು ನಿಂತಿತು. ಮೋನಪ್ಪ ಪತ್ತಾರರು ಚಮಚೆಯ ಹಿಡಿಯಿಂದ ಅಷ್ಟನ್ನು ಮಾತ್ರ ಕತ್ತರಿಸಿಕೊಂಡು, ಕಡಗದ ಒಳಗೆ ಹೊರಗಿನವರ ಕಣ್ಣಿಗೆ ಬೀಳದ ಕಡೆ ಬೆಸೆದಿದ್ದರು. ನನಗೆ ಒಂದು ಮಾತೂ ಹೇಳಿರಲಿಲ್ಲ. ಗಿರಿಜಾ ಕಡಗವನ್ನು ಬೆಳಕಿಗೆ ಹಿಡಿದು ನೋಡಿದಳು. ಕಿಟಕಿಯ ಕಡೆಗೂ ಒಮ್ಮೆ ನೋಡಿದಳು.

“ನಾಯಿ ಅಲ್ಲವ್ವಾ, ಸಿಂಹ ಅದು,” ಅಂದಳು. “ನಮ್ಮ ಮನೀದು. ನಿನ್ನ ಸಂಗಾಟ ಮುಂಡಗೋಡಕ್ಕ ಹೋಗೈತಿ.”

ಜೈನಬಿ ನಕ್ಕು, ಕಡಗವನ್ನು ಮತ್ತೆ ಕಾಲಿಗೆ ಸಿಕ್ಕಿಸಿಕೊಂಡು, ಸೊಂಟಕ್ಕೆ ಕೈ ಕೊಟ್ಟು ಎದ್ದಳು. ಅಂಗಳ ದಾಟಿ, ಬೇವಿನ ಮರ ದಾಟಿ, ತುಂಬಿದ ಹೊಟ್ಟೆ ಹೊತ್ತು ನಿಧಾನವಾಗಿ ತಂದೆಯ ಮನೆಯ ಕಡೆ ನಡೆದಳು. ಅವಳು ಕಾಣುವಷ್ಟು ಹೊತ್ತು ನಾನು ಕಿಟಕಿಯಲ್ಲಿ ನಿಂತೇ ಇದ್ದೆ. ನನ್ನ ಟ್ರಂಕಿನಲ್ಲಿ ಮೂರು ವರ್ಷ ಒಂದು ಕಾಲು ಎತ್ತಿಕೊಂಡು ನಿಂತೇ ಇದ್ದ ಸಿಂಹ, ಈಗ ನಡೆಯುತ್ತಿತ್ತು.